ಆಟದ ರೈಲಿಗೆ ನಾಲ್ಕನೆಯ ತಂತಿ

ಇಂಜಿನಿಯರಿಂಗ್ ಓದಿದ ನಾಲ್ಕು ವರ್ಷವೂ ಲ್ಯಾಬಿನಲ್ಲಿ ನನಗೆ ಒಬ್ಬಳೇ ಜೊತೆಗಾತಿ. ಹಾಜರಿ ಪಟ್ಟಿಯಲ್ಲಿ ನಮ್ಮ ಹೆಸರುಗಳು ಒಂದರ ಕೆಳಗೊಂದು ಇದ್ದವು, ಅಷ್ಟೇ ಕಾರಣ. ಮೊದಲ ವಾರವೇ ಅವಳು, ನಿನ್ನ ಅಕ್ಷರ ಚಂದ ಉಂಟು ಎಂದು ರೀಡಿಂಗ್ ಪುಸ್ತಕವನ್ನು ನನ್ನ ಕಡೆಗೆ ತಳ್ಳಿ ತಂತಿಗಳನ್ನು ತಾನು ಎತ್ತಿಕೊಂಡಳು. ಅಲ್ಲಿಂದ ಮುಂದೆ ಜೋಡಿಸುವವಳು ಅವಳು, ಬರೆಯುವವಳು ನಾನು. ಹೆಚ್ಚಿನ ಜೋಡಿಗಳಲ್ಲೂ ಹೀಗೊಂದು ಹಂಚಿಕೆ ಇರುತ್ತಿತ್ತು. ಅದನ್ನು ಯಾರೂ ಅನ್ಯಾಯ ಎನ್ನುತ್ತಿರಲಿಲ್ಲ. ಹೊರಗಿನ ಪರೀಕ್ಷಕರು ಬಂದ ದಿನ ಪ್ರಯೋಗ ಸರಿಯಾದರೆ ಅವರು ನೋಡುತ್ತಿದ್ದದ್ದು ಅವಳ ಮುಖವನ್ನು. ನನ್ನ ಪುಟಕ್ಕೆ ಸಹಿ ಹಾಕುವಾಗ ತಲೆ ಎತ್ತುತ್ತಿರಲಿಲ್ಲ. ಇದನ್ನು ನಾನು ಎಣಿಸಿಟ್ಟುಕೊಂಡಿದ್ದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಕೊನೆಯ ವರ್ಷ ಭೌತಶಾಸ್ತ್ರದ ನಿವೃತ್ತ ಸರ್ ಒಬ್ಬರು ನಮ್ಮಿಬ್ಬರನ್ನು ಮಣಿಪಾಲದ ತಮ್ಮ ಮನೆಗೆ ಕರೆಸಿದರು. ಹಿಂದೆ ಜರ್ಮನಿಯಲ್ಲಿದ್ದು ಮರಳುವಾಗ ಅವರು ಆಟದ ರೈಲು ತಂದಿದ್ದರು. ಹಿಂದಿನ ಕೋಣೆಯ ತುಂಬ ಪ್ಲೈವುಡ್ ಮೇಜು ಹಾಕಿ, ನಮ್ಮ ಕರಾವಳಿಯ ಹೊಸ ರೈಲು ಮಾರ್ಗವನ್ನೇ ಅದರ ಮೇಲೆ ಕಟ್ಟಿದ್ದರು. ಒಂದು ತುದಿಗೆ ಉಡುಪಿ ನಿಲ್ದಾಣ, ಮಧ್ಯೆ ಇನ್ನಂಜೆ, ಆಚೆ ಪಡುಬಿದ್ರಿ. ಒಂದೇ ಹಳಿ, ಎದುರುಬದುರು ಬರುವ ಗಾಡಿಗಳಲ್ಲಿ ಒಂದು ಇನ್ನಂಜೆಯ ಪಕ್ಕದ ಹಳಿಯಲ್ಲಿ ನಿಂತು ಇನ್ನೊಂದಕ್ಕೆ ದಾರಿ ಬಿಡಬೇಕು. ಎರಡು ಇಂಜಿನುಗಳನ್ನೂ ನಡೆಸುವುದಕ್ಕೆ ಗುಂಡಿ ಮತ್ತು ವೇಗ ಹೆಚ್ಚುಕಡಿಮೆ ಮಾಡುವ ತಿರುಪು ಇರುವ ಒಂದು ಪೆಟ್ಟಿಗೆ. ಸರ್‌ಗೆ ಎರಡು ವರ್ಷದಿಂದ ಕೈ ನಡುಗುತ್ತಿತ್ತು. ತಿರುಪು ಹಿಡಿದರೆ ಗಾಡಿಯೂ ಮುಗ್ಗರಿಸುತ್ತಿತ್ತು.

"ಕಂಪ್ಯೂಟರಿಗೆ ಕೈ ನಡುಗುವುದಿಲ್ಲ ಅಲ್ವಾ?" ಎಂದರು ಸರ್. ಪೆಟ್ಟಿಗೆಯನ್ನು ಕಂಪ್ಯೂಟರಿಗೆ ಸೇರಿಸುವ ಇಂಟರ್ಫೇಸ್ ಎಂಬ ಸಣ್ಣ ಡಬ್ಬಿ ಅವರ ಹತ್ತಿರವೇ ಇತ್ತು. ಬೇಕಾಗಿದ್ದದ್ದು ಒಂದು ಕೇಬಲ್, ಒಂದು ಪ್ರೋಗ್ರಾಮ್. ಇದನ್ನು ಹೇಳುವಾಗ ಅವರು ನೋಡಿದ್ದು ಅವಳನ್ನು.

ಅವಳು ಕಾರ್ಕಳದವಳು. ಅವಳ ಊರಿಗೆ ರೈಲೇ ಇಲ್ಲ. ಪಿಯುಸಿಯಲ್ಲಿದ್ದಾಗ ಉಡುಪಿ ನಿಲ್ದಾಣವಿರುವ ಇಂದ್ರಾಳಿಗೆ ಬಂದು ಮೊದಲ ಸಲ ರೈಲು ನೋಡಿದೆ ಎಂದು ಅವಳು ನಗುತ್ತಾ ಹೇಳಿದಾಗ ಸರ್ ಮತ್ತು ಅವರ ಹೆಂಡತಿ ತುಂಬ ಹೊತ್ತು ನಕ್ಕರು. ನಾನು ಆ ಹಳಿ ಬೀಳುವುದನ್ನು ನೋಡಿ ಬೆಳೆದವಳು. ಅಪ್ಪ ಗದಗದ ಕಡೆಯಿಂದ ಆ ಮಾರ್ಗದ ಕೆಲಸಕ್ಕೆಂದು ಮೇಸ್ತ್ರಿಯಾಗಿ ಬಂದವರು. ಇನ್ನಂಜೆಯ ಹತ್ತಿರ ತಗಡಿನ ಶೆಡ್ಡಿನಲ್ಲಿ ಎರಡು ವರ್ಷ ಇದ್ದೆವು. ಕೆಲಸ ಮುಗಿದ ಮೇಲೆ ಕಾಪುವಿನಲ್ಲಿ ಬಾಡಿಗೆ ಮನೆ ಹಿಡಿದೆವು. ಅಪ್ಪ ಕಟ್ಟಡದ ಕೆಲಸಕ್ಕೆ ಹೋಗತೊಡಗಿದರು. ಇದನ್ನೆಲ್ಲ ಹೇಳಿದ್ದರೆ ಸರ್ ನನ್ನ ಕಡೆಗೂ ತಿರುಗುತ್ತಿದ್ದರೇನೋ. ಕಾಲೇಜಿನಲ್ಲಿ ಯಾರಿಗೂ ಹೇಳದಿದ್ದದ್ದನ್ನು ಅಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ. ಹೇಳದೆಯೂ ಯಾರಾದರೂ ತಿಳಿದುಕೊಳ್ಳಬೇಕಿತ್ತು ಎಂದು ಮಾತ್ರ ಒಳಗೊಳಗೇ ಸಿಟ್ಟು.

ಹಂಚಿಕೆ ಇಲ್ಲಿಯೂ ಬದಲಾಗಲಿಲ್ಲ. ಅವಳು ಕಂಪ್ಯೂಟರಿನ ಮುಂದಿನ ಕುರ್ಚಿಯಲ್ಲಿ ಕುಳಿತಳು. ನಾನು ಪಕ್ಕದ ಸ್ಟೂಲಿನಲ್ಲಿ ಇಂಟರ್ಫೇಸಿನ ಕೈಪಿಡಿ ಬಿಡಿಸಿಕೊಂಡು, ಯಾವ ಅಂಕಿ ಕಳಿಸಿದರೆ ಯಾವ ಇಂಜಿನು ಹೊರಡುತ್ತದೆ, ಯಾವುದಕ್ಕೆ ನಿಲ್ಲುತ್ತದೆ ಎಂದು ಓದಿ ಹೇಳುತ್ತಿದ್ದೆ. ಸರ್ ಅವರ ಹೆಂಡತಿ ಅವಳನ್ನು ಮಗಾ ಎನ್ನುತ್ತಿದ್ದರು. ಕಾಫಿಗೆ ಸಕ್ಕರೆ ಎಷ್ಟೆಂದು ಅವಳನ್ನು ಕೇಳಿ ಎರಡೂ ಲೋಟಕ್ಕೆ ಅಷ್ಟೇ ಹಾಕುತ್ತಿದ್ದರು.

ಕೇಬಲ್ ಬೆಸೆದದ್ದೂ ಅವಳೇ, ಲ್ಯಾಬಿನ ಪದ್ಧತಿಯಂತೆ. ಅಲ್ಲಿ ನಾವು ಯಾವ ಕಿಟ್‌ಗೂ ಮೂರೇ ತಂತಿ ಬಳಸುತ್ತಿದ್ದೆವು. ಕಳಿಸಲು ಒಂದು, ಪಡೆಯಲು ಒಂದು, ಗ್ರೌಂಡ್‌ಗೆ ಒಂದು. ಆ ಕಡೆಯವರು ತಯಾರಿದ್ದಾರೆಯೇ ಎಂದು ಕಂಪ್ಯೂಟರ್ ಕೇಳುವ ಪಿನ್ನನ್ನೂ ಉತ್ತರ ಬರಬೇಕಾದ ಪಿನ್ನನ್ನೂ ಕಂಪ್ಯೂಟರಿನ ಕಡೆಯಲ್ಲೇ ಒಂದಕ್ಕೊಂದು ಬೆಸೆದುಬಿಡುತ್ತಿದ್ದೆವು. ಆಗ ಅದು ತನ್ನ ಪ್ರಶ್ನೆಗೆ ತಾನೇ ಹೌದು ಎಂದುಕೊಂಡು ಕಳಿಸುತ್ತಾ ಹೋಗುತ್ತದೆ. ಸೀನಿಯರ್‌ಗಳು ಹೇಳಿಕೊಟ್ಟದ್ದು, ಕಿಟ್‌ಗಳಿಗೆ ಅಷ್ಟು ಸಾಕಾಗುತ್ತಿತ್ತು.

ಒಂದು ಗಾಡಿ ಕಂಪ್ಯೂಟರಿನ ಮಾತು ಕೇಳಿ ಉಡುಪಿಯಿಂದ ಹೊರಟು ಇನ್ನಂಜೆಯಲ್ಲಿ ನಿಂತ ದಿನ ಸರ್ ಅವಳ ಬೆನ್ನು ತಟ್ಟಿದರು. ನಾನು ಸಮಯ ಬರೆದುಕೊಂಡೆ. ಎರಡು ಗಾಡಿ ಒಟ್ಟಿಗೆ ಬಿಟ್ಟಾಗ ಒಮ್ಮೆ ಒಂದು ನಿಲ್ಲದೆ ಮುಂದೆ ಹೋಯಿತು. ಹಳಿಯ ಮೇಲಿನ ಧೂಳು ಎಂದಳು ಅವಳು, ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿದಳು. ಮುಂದಿನ ಸಲ ಸರಿಹೋಯಿತು. ಭಾನುವಾರ ಹಳೆಯ ಸಹೋದ್ಯೋಗಿಗಳನ್ನು ಕರೆದು ತೋರಿಸುವುದು ಎಂದು ಸರ್ ನಿಶ್ಚಯಿಸಿದರು.

ಆ ಬುಧವಾರ ಊಟಕ್ಕೆ ಕೂತಾಗ ಅಪ್ಪನಿಗೆ ಇದನ್ನು ಹೇಳಿದೆ. ಮನೆಯಲ್ಲಿ ನಾನು ಅವಳ ಹೆಸರು ಎತ್ತದೆ ಹೇಳಿದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಅಪ್ಪ ಕೈಯಲ್ಲಿದ್ದ ರೊಟ್ಟಿ ಬಿಟ್ಟು ಕೇಳಿದರು.

"ಒಂದ ಹಳಿ, ಎರಡು ಗಾಡಿ. ನಿಲ್ಲು ಅಂತ ನೀ ಹೇಳಿದ್ದು ಅದಕ್ಕ ಮುಟ್ಟೇತಿ ಅಂತ ನಿನಗ ಹೆಂಗ ಗೊತ್ತಾಕ್ಕೇತವ್ವಾ?"

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಇಂಟರ್ಫೇಸಿನ ಕೈಪಿಡಿಯ ಜೆರಾಕ್ಸ್ ಪ್ರತಿಯನ್ನು ಚೀಲದಿಂದ ತೆಗೆದು ಓದಿದೆ. ಉತ್ತರ ಕೊನೆಯ ಮಸುಕು ಪುಟಗಳಲ್ಲಿ ಸಿಕ್ಕಿತು. ಡಬ್ಬಿ ಒಂದು ಆಜ್ಞೆಯನ್ನು ಹಳಿಗೆ ಕಳಿಸುವಷ್ಟು ಹೊತ್ತು ಇನ್ನೊಂದನ್ನು ತೆಗೆದುಕೊಳ್ಳಲಾರದು; ತಡಿ ಎಂದು ತಿಳಿಸುವುದಕ್ಕೆ ಅದಕ್ಕೊಂದು ಪ್ರತ್ಯೇಕ ತಂತಿ ಉಂಟು. ನಮ್ಮ ಕೇಬಲಿನಲ್ಲಿ ಇಲ್ಲದ ನಾಲ್ಕನೆಯ ತಂತಿ ಅದು. ಎರಡು ಗಾಡಿಗಳಿಗೆ ಆಜ್ಞೆ ಬೆನ್ನುಬೆನ್ನಿಗೆ ಹೋದರೆ ಒಂದು ಬಿದ್ದುಹೋಗಬಹುದು. ಒಮ್ಮೊಮ್ಮೆ ಆ ಬಿದ್ದುಹೋಗುವುದು 'ನಿಲ್ಲು' ಎಂಬುದೇ ಆಗಿರಬಹುದು.

ಗುರುವಾರ ಸಂಜೆ ಅವಳು ನನ್ನ ಪಕ್ಕದಲ್ಲೇ ಇದ್ದಳು. ಒಂದು ವಾಕ್ಯದಲ್ಲಿ ಹೇಳಬಹುದಿತ್ತು. ಹೇಳಿದರೆ ಅವಳು, ಹೌದಾ ಮಾರಾಯ್ತಿ, ಕೊಡು ಇಲ್ಲಿ ಎಂದು ಹತ್ತು ನಿಮಿಷದಲ್ಲಿ ಬೆಸೆಯುತ್ತಿದ್ದಳು, ಮತ್ತು ಭಾನುವಾರ ಎಲ್ಲರೂ ಅವಳ ಮುಖ ನೋಡುತ್ತಿದ್ದರು. ನಾನು ರೀಡಿಂಗ್ ಪುಸ್ತಕದಲ್ಲಿ ತಾರೀಖು ಹಾಕಿ ಬರೆದೆ: ನಾಲ್ಕನೆಯ ತಂತಿ ಅಗತ್ಯ, ಇಲ್ಲದಿದ್ದರೆ ಆಜ್ಞೆ ಕಳೆದುಹೋಗುವ ಸಂಭವ, ಕೈಪಿಡಿಯ ಇಂತಿಂಥ ಪುಟ. ಕೆಳಗೆ ಸ್ಕೇಲಿಟ್ಟು ಗೆರೆ ಎಳೆದೆ. ಅವಳು ಆ ಪುಸ್ತಕವನ್ನು ಎಂದೂ ಓದುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗಾಡಿ ನಿಲ್ಲದೆ ಹೋದಾಗ, ಎಲ್ಲರೂ ಏನೆಂದು ತಿಳಿಯದೆ ಕೂತಿರುವಾಗ, ನಾನು ಎದ್ದು ಸರಿ ಮಾಡುವುದು ಎಂಬುದು ನನ್ನ ಎಣಿಕೆ. ಬಹಳವೆಂದರೆ ಒಂದು ನಿಲ್ದಾಣ ತಪ್ಪುತ್ತದೆ ಎಂದುಕೊಂಡಿದ್ದೆ.

ಭಾನುವಾರ ಆರು ಜನ ಬಂದರು. ಸರ್ ಬಿಳಿ ಅಂಗಿ ಹಾಕಿದ್ದರು, ಕೈಗಳನ್ನು ಜೇಬಿನಲ್ಲಿಟ್ಟುಕೊಂಡಿದ್ದರು. ಮೂರು ಸುತ್ತು ಗಾಡಿಗಳು ಸರಿಯಾಗಿ ದಾಟಿಕೊಂಡವು. ನಾಲ್ಕನೆಯ ಸುತ್ತಿನಲ್ಲಿ ಉಡುಪಿಯ ಗಾಡಿ ಇನ್ನಂಜೆಯಲ್ಲಿ ನಿಲ್ಲಲಿಲ್ಲ. ಅವಳು ಕೀಬೋರ್ಡಿನಲ್ಲಿ ನಿಲ್ಲಿಸುವ ಕೀಲಿಯನ್ನು ಎರಡು ಸಲ ಒತ್ತಿದಳು. ಸರ್ ಅಭ್ಯಾಸ ಬಲದಿಂದ ಜೇಬಿನಿಂದ ಕೈ ತೆಗೆದು ಪೆಟ್ಟಿಗೆಯ ತಿರುಪಿಗೆ ಚಾಚಿದರು. ಕೈ ತಿರುಪಿನ ಸುತ್ತ ನಡುಗಿತು, ಹಿಡಿಯಲಿಲ್ಲ. ಎಲ್ಲರೂ ಆ ಕೈಯನ್ನು ನೋಡಿದರು. ಅಷ್ಟರಲ್ಲಿ ಎರಡು ಇಂಜಿನುಗಳೂ ಮುಖಕ್ಕೆ ಮುಖ ತಾಗಿದವು, ಒಂದು ಮೇಜಿನ ಅಂಚಿನಿಂದ ನೆಲಕ್ಕೆ ಬಿತ್ತು. ನಾನು ಎದ್ದು ನಿಲ್ಲಬೇಕಾಗಿದ್ದ ಗಳಿಗೆ ಅದೇ. ಸ್ಟೂಲಿನಿಂದ ಏಳಲು ಆಗಲಿಲ್ಲ.

ಬಂದವರು ಸಮಾಧಾನದ ಮಾತು ಹೇಳಿ ಹೊರಟರು. ಅವಳು ಮುರಿದ ಇಂಜಿನಿನ ಚೂರುಗಳನ್ನು ಆಯುತ್ತಾ, ತನ್ನದೇ ತಪ್ಪು, ಏನೋ ನೋಡಿಕೊಳ್ಳಲಿಲ್ಲ ಎಂದಳು. ಸರ್ ಪುಸ್ತಕ ಕೇಳಿದರು. ಕೊಟ್ಟೆ. ಪುಟ ತಿರುಗಿಸಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಗುರುವಾರದ ಪುಟದಲ್ಲಿ ನಿಂತರು.

"ಇದು ನಿನಗೆ ಗುರುವಾರವೇ ಗೊತ್ತಿತ್ತಾ?"

"ಬರೆದಿದ್ದೆ ಸರ್."

ಅವಳು ತಲೆ ಎತ್ತಿದಳು. ಬಂದು ಪುಸ್ತಕ ಓದಿದಳು. ನಾಲ್ಕು ವರ್ಷದಲ್ಲಿ ಮೊದಲ ಸಲ ಇರಬೇಕು.

"ಚಂದ ಬರ್ದಿದ್ದೀ," ಎಂದಳು. "ಗೆರೆ ಸಹ ಎಳೆದಿದ್ದೀ. ಬಾಯಲ್ಲಿ ಹೇಳ್ಲಿಕ್ಕೆ ಎಂತ ಆಗಿತ್ತು ನಿಂಗೆ?"

ಅವಳು ಚೀಲ ಎತ್ತಿಕೊಂಡು ಕಾರ್ಕಳದ ಬಸ್ಸಿಗೆ ಹೋದಳು. ಮರುದಿನದಿಂದ ಪರೀಕ್ಷೆಯ ಓದಿಗೆ ರಜೆ, ಹಾಗಾಗಿ ಕಾಲೇಜಿನಲ್ಲಿ ಮುಖ ನೋಡುವ ಪ್ರಸಂಗವೂ ಇಲ್ಲ. ಸರ್ ಬೈಯಲಿಲ್ಲ. ಗೊತ್ತಿರುವವಳು ನೀನು, ಸರಿ ಮಾಡು ಎಂದಷ್ಟೇ ಹೇಳಿದರು.

ಹೀಗೆ ಆ ಕುರ್ಚಿ ನನ್ನದಾಯಿತು. ಬೆಸುಗೆ ಹಾಕಲು ನನಗೆ ಬರುತ್ತಿರಲಿಲ್ಲ. ಎರಡು ಪ್ಲಗ್ ಸುಟ್ಟೆ, ಬೆರಳೂ ಸುಟ್ಟುಕೊಂಡೆ. ಅವಳಾಗಿದ್ದರೆ ಹತ್ತು ನಿಮಿಷದ ಕೆಲಸ. ನನಗೆ ನಾಲ್ಕು ದಿನ. ಪ್ರೋಗ್ರಾಮಿನಲ್ಲಿ ಡಬ್ಬಿಯ ಉತ್ತರಕ್ಕೆ ಕಾಯುವ ಸಾಲು ಸೇರಿಸಿದೆ. ಮುರಿದ ಇಂಜಿನನ್ನು ಸರ್ ಅಂಟು ಹಾಕಿಸಿ ನಿಲ್ಲಿಸಿದ್ದರು. ಶುಕ್ರವಾರ ಮಧ್ಯಾಹ್ನ ಎರಡು ಗಾಡಿಗಳನ್ನೂ ಬಿಟ್ಟೆವು. ಇಪ್ಪತ್ತು ಸುತ್ತು ಎಣಿಸಿದೆ, ಒಂದೂ ತಪ್ಪಲಿಲ್ಲ. ಆಮೇಲೆ ಸರ್ ತಾವೇ ಕೂತು ಕೀಲಿ ಒತ್ತಿದರು. ಬೆರಳು ನಡುಗುತ್ತಲೇ ಇತ್ತು, ಗಾಡಿ ನಡುಗಲಿಲ್ಲ. ನನ್ನ ಕಡೆಗೆ ತಿರುಗಿ ನಕ್ಕರು. ನಾನು ಬಯಸಿದ್ದ ನಗು ಅದೇ.

"ಇದನ್ನು ಅವಳು ನೋಡಬೇಕು," ಎಂದರು ಮರುಕ್ಷಣ. "ನಾನು ದಿನಾ ಫೋನಿನಲ್ಲಿ ಹೇಳುತ್ತಾ ಇದ್ದೇನೆ, ಇವತ್ತು ಇಷ್ಟಾಯಿತು, ಇಷ್ಟಾಯಿತು ಅಂತ. ನೀನು ಕರೆದರೆ ಮಾತ್ರ ಬರುತ್ತಾಳಂತೆ."

ಆ ನಾಲ್ಕು ದಿನ ಈ ಕೋಣೆಯಲ್ಲಿ ನಾನೊಬ್ಬಳೇ ಇದ್ದೇನೆ ಎಂದುಕೊಂಡಿದ್ದೆ. ನನ್ನ ಸುಟ್ಟ ಪ್ಲಗ್‌ಗಳ ಸುದ್ದಿಯೂ ದಿನ ದಿನ ಕಾರ್ಕಳಕ್ಕೆ ಹೋಗುತ್ತಿತ್ತು. ನಾನು ಮಾಡಿದ್ದರ ನಾಚಿಕೆಗಿಂತ ಮೊದಲು ನನಗೆ ಬಂದದ್ದು ಸಂಕಟ, ಸರ್ ಅವಳಿಗೆ ಫೋನ್ ಮಾಡುತ್ತಿದ್ದರಲ್ಲ ಎಂದು.

ಹಜಾರಕ್ಕೆ ಹೋಗಿ ನಂಬರ್ ಒತ್ತಿದೆ. ಅವಳೇ ಎತ್ತಿದಳು. ನಾಲ್ಕನೆಯ ತಂತಿ ಹಾಕಿದೆ, ಓಡುತ್ತಾ ಉಂಟು ಎಂದೆ.

"ಗೊತ್ತುಂಟು. ಬೆರಳು ಹೇಗುಂಟು?"

"ಪರವಾಗಿಲ್ಲ."

ಅವಳು ಫೋನ್ ಇಡಲಿಲ್ಲ. ತಪ್ಪಾಯಿತು ಎಂದು ನಾನು ಹೇಳುವುದಕ್ಕೆ ಕಾಯುತ್ತಿದ್ದಳು.

"ಸೋಮವಾರ ಬಾ," ಎಂದೆ.

ನಾಳೆಯೇ ಬಾ ಎನ್ನಬಹುದಿತ್ತು. ಸೋಮವಾರ ಎಂದರೆ ಆ ಕುರ್ಚಿ ಇನ್ನೆರಡು ದಿನ ನನ್ನದಾಗಿರುತ್ತದೆ ಎಂದು ಲೆಕ್ಕ ಹಾಕಿಯೇ ಹಾಗೆಂದೆ.