ಕುಶನ್ ಆದ ತೋಪುತೆನೆ ಸೆರಗು

ಇಂದಿರಾನಗರದ ಒಂದು ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾನು ಹೊಲಿಗೆ ಕೆಲಸ ಮಾಡುತ್ತೇನೆ. ಕುಷ್ಟಗಿ ಕಡೆಯಿಂದ ಬಂದು ರಾಮಮೂರ್ತಿ ನಗರದಲ್ಲಿ ಬಾಡಿಗೆ ಮನೆ ಹಿಡಿದವಳು. ಹಳೆಯ ಇಳಕಲ್ ಸೀರೆಗಳ ಸೆರಗು ಕತ್ತರಿಸಿ ಸೋಫಾ ಕುಶನ್ ಹೊಲಿಯುವ ಕೆಲಸ ಹೋದ ವರ್ಷ ನನ್ನ ಪಾಲಿಗೆ ಬಂತು. ಕೆಂಪು ಸೆರಗಿನಲ್ಲಿ ಬಿಳಿ ಮೊನೆಗಳ ಸಾಲು. ಊರಲ್ಲಿ ನಮ್ಮ ಓಣಿಯ ಎಲ್ಲ ಹೆಂಗಸರ ಬೆನ್ನ ಮೇಲೂ ಅದನ್ನು ನೋಡುತ್ತಲೇ ಬೆಳೆದಿದ್ದೆ. ಆದರೂ ಮೂವತ್ತು ಕುಶನ್ ಹೊಲಿದೆ. ಏನೂ ಅನ್ನಿಸಲಿಲ್ಲ. ಹೊಲಿಗೆ ನೇರವಾಗಿ ಬಂದಿತ್ತು.

ಆಗ ಊರಿಂದ ಅವ್ವ ಬಂದಿದ್ದಳು. ಮನೆಯಲ್ಲಿ ಒಬ್ಬಳೇ ಕೂತು ಬೇಜಾರಾಗಿ ಒಂದು ದಿನ ನನ್ನ ಜೊತೆ ಅಂಗಡಿಗೆ ಹೊರಟಳು. ಅಂಗಡಿಯ ಮೇಡಂ ಒಳ್ಳೆಯವರು. ಎದ್ದು ಬಂದು, ಆ ಕುಶನ್‌ಗಳನ್ನು ಜೋಡಿಸಿದ್ದ ಸೋಫಾ ತೋರಿಸಿದರು.

"ಕೂತ್ಕೊಳ್ಳಿ ಅಮ್ಮ."

ಅವ್ವ ಸೋಫಾ ನೋಡಿದಳು. ನೆಲದ ಮೇಲೆ ಕೂತಳು.

"ಯಾಕಮ್ಮ, ಮೇಲೆ ಕೂತ್ಕೊಳ್ಳಿ."

"ಅಲ್ಲಿ ಸೆರಗ ಐತ್ರಿ. ತಲಿ ಮ್ಯಾಲ ಹೊದ್ಕೊಳ್ಳೂದು. ಅದರ ಮ್ಯಾಲ ಹ್ಯಾಂಗ ಕುಂದರ್ಲಿ?"

ಮೇಡಂ ಕುಶನ್ನಿಗೆ ಕಟ್ಟಿದ್ದ ಚೀಟಿ ಓದಿದರು. "ಇದು ಗೋಪುರದ ಡಿಸೈನ್ ಅಲ್ವಾ ಅಮ್ಮ?"

"ಅಲ್ಲರಿ, ಜ್ವಾಳದ ತೆನಿ. ತೋಪುತೆನಿ ಅಂತೀವಿ. ಸೆರಗ ನೋಡೇ ಯಾವ ಸೀಮಿಯಾಕಿ ಅಂತ ಗುರ್ತ ಹಿಡಿತಾರ." ಆಮೇಲೆ ಕೇಳಿದಳು, "ಯಾರು ಹೊಲದಾರ ಇವನ್ನ?"

ಮೇಡಂ ನನ್ನ ಕಡೆ ನೋಡಿದರು. ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ. ದಾರ ಆಗಲೇ ಪೋಣಿಸಿಯಾಗಿತ್ತು.

"ಹೊಲಿಗಿ ಚಂದ ಹಾಕೀಯವಾ," ಅಂದಳು ಅವ್ವ. ಅದರ ಬದಲು ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಮೇಡಂ ಹೇಳಿದರು, "ಎಲ್ಲಾ ಬಿಚ್ಬಿಡಿ. ಗೋಡೆಗೆ ಹಾಕೋ ಥರ ಮಾಡೋಣ." ಬಿಚ್ಚುವುದಕ್ಕೆ ನಾಲ್ಕು ದಿನ ಹಿಡಿಯಿತು. ಅವ್ವ ದಿನಾ ನನ್ನ ಜೊತೆ ಬಂದು ಅರ್ಧದಷ್ಟನ್ನು ತಾನೇ ಬಿಚ್ಚಿದಳು, ಒಂದೆಳೆಯೂ ಹರಿಯದ ಹಾಗೆ. ಹೊಸ ಚೀಟಿಯಲ್ಲಿ ಮೇಡಂ ಜೋಳದ ತೆನೆ ಅಂತ ಬರೆಸಿದರು.

ಅವ್ವ ಊರಿಗೆ ಹೊರಡುವ ಹಿಂದಿನ ದಿನ ಮೇಡಂ ಒಂದು ಫೋಟೊ ಕೇಳಿದರು. ಅವ್ವ ಒಪ್ಪಿದಳು. ತಲೆ ತುಂಬ ಸೆರಗು ಹೊದ್ದು ಗೋಡೆಯ ಕಡೆ ಮುಖ ಮಾಡಿ ನಿಂತಳು.

"ಈ ಕಡೆ ತಿರುಗಿ ಅಮ್ಮ, ಮುಖ ಬರ್ಲಿ."

"ನಿಮಗ ಸೆರಗ ಬೇಕೋ, ನನ್ನ ಮುಖ ಬೇಕೋ?"

ಆ ಫೋಟೊ ಈಗ ಅಂಗಡಿಯ ಬಾಗಿಲ ಪಕ್ಕದಲ್ಲಿದೆ. ತಲೆಯಿಂದ ಸೊಂಟದವರೆಗೆ ತೆನೆಗಳು, ಕೆಳಗೆ ಎರಡು ಹಿಮ್ಮಡಿ. ಯಾರಿವರು ಅಂತ ಗಿರಾಕಿಗಳು ಕೇಳುತ್ತಾರೆ. ನಮ್ಮವ್ವ ಅನ್ನುತ್ತೇನೆ. ಅವರು ಫೋಟೊ ನೋಡಿ, ನನ್ನನ್ನು ನೋಡಿ, ನಿಮ್ಮ ಥರಾನೇ ಇದ್ದಾರೆ ಅನ್ನುತ್ತಾರೆ.

ಹೌದು ಅನ್ನುತ್ತೇನೆ.