ಕುನ್ಸುಲು ಅತ್ತೆಯ ಶಾಲು

ತೊರ್ಗಿನ್‌ಳ ಮನೆಯಲ್ಲಿ ಮಾರಾಟಕ್ಕಿಲ್ಲದ ವಸ್ತು ಅಂದರೆ ಅವಳ ಗಂಡ ಸೇಯ್ತ್‌ಮುರಾತ್ ಒಬ್ಬನೇ ಎಂದು ಜಾನಾಓಜೆನ್‌ನ ಅವರ ಓಣಿಯಲ್ಲಿ ನಗುತ್ತಿದ್ದರು. ಅವನೂ ಬಿಡುತ್ತಿರಲಿಲ್ಲ. "ನನ್ನ ಫೋಟೋನೂ ಹಾಕಿದ್ಲು ಕಣ್ರಯ್ಯಾ. ಸಾಗಣೆ ಖರ್ಚು ಕೇಳಿ ಯಾರೂ ಮುಂದೆ ಬರ್ಲಿಲ್ಲ" ಅನ್ನುತ್ತಿದ್ದ.

ಅದು ಕಜಾಕ್ ನೆಲದ ಪಶ್ಚಿಮ ತುದಿಯ ಎಣ್ಣೆ ಬಾವಿಗಳ ಊರು. ಕೆಲಸ ಮುಗಿದವರು ಗಂಟುಮೂಟೆ ಕಟ್ಟುವಾಗ ಹೊರಲಾಗದ್ದನ್ನೆಲ್ಲ ಬಿಟ್ಟು ಹೋಗುತ್ತಾರೆ. ತೊರ್ಗಿನ್ ಅದನ್ನು ಅಗ್ಗಕ್ಕೆ ಕೊಂಡು, ಒರೆಸಿ, ಫೋಟೋ ತೆಗೆದು ಫೋನಿನಲ್ಲಿ ಮಾರುತ್ತಾಳೆ. ಜಾಹೀರಾತು ಯಾವಾಗಲೂ ಒಂದೇ: ಹರಿದಿಲ್ಲ, ಕಲೆಯಿಲ್ಲ, ಚೌಕಾಶಿಯಿಲ್ಲ. ಆದರೆ ಕೊಳ್ಳುವ ಪುಣ್ಯಾತ್ಮರು ದೇಶದ ಆ ತುದಿಯಲ್ಲೇ ಇರಬೇಕೆ? ಕೊರಿಯರ್‌ನವರು ಹೇಳುವ ದರ ಕೇಳಿದರೆ ಮೂಗಿಗಿಂತ ಮೂಗುತಿ ಭಾರ. ಹಾಗಾಗಿ ಅವಳು ಪೊಟ್ಟಣದ ಮೇಲೆ ಕೊಂಡವರ ಫೋನ್ ನಂಬರನ್ನು ದಪ್ಪಗೆ ಬರೆದು, ಅಲ್ಮಾಟಿಯ ರೈಲಿನಲ್ಲಿ ಬೋಗಿ ನೋಡಿಕೊಳ್ಳುವ ಬಾತಿಮಾಳ ಕೈಗೆ ಕೊಟ್ಟುಬಿಡುತ್ತಾಳೆ. ಬಾತಿಮಾ ಅದನ್ನು ಅಲ್ಮಾಟಿಯಲ್ಲಿ ಮುಂದಿನ ರೈಲಿನವಳಿಗೆ ದಾಟಿಸುತ್ತಾಳೆ. ರಸೀದಿ ಎಂಬುದನ್ನು ಯಾರೂ ಕೇಳಿದ್ದಿಲ್ಲ.

ಆ ಚಳಿಗಾಲ ಸೇಯ್ತ್‌ಮುರಾತ್‌ನ ಹೃದಯ ಕೈಕೊಟ್ಟಿತ್ತು. ಅಕ್ತಾವ್‌ನ ಆಸ್ಪತ್ರೆಯಲ್ಲಿ ಆಪರೇಷನ್ ಎಂದು ದಿನ ಗೊತ್ತಾಯಿತು. ಅಂದು ಸಂಜೆ ಚಹಾ ಕುಡಿಯುತ್ತ ಅವನು, ಕುನ್ಸುಲು ಅತ್ತೆಯ ಶಾಲು ತೆಗೆದಿಡು, ಜೊತೆಗೆ ಒಯ್ಯೋಣ ಅಂದ. ತಮಾಷೆಯವನ ಬಾಯಲ್ಲಿ ತಮಾಷೆ ಇರಲಿಲ್ಲ.

ಕುನ್ಸುಲು ಅವನ ಸೋದರತ್ತೆ. ತೊಂಬತ್ತನಾಲ್ಕು ವರ್ಷ ಬಾಳಿ, ನಿದ್ದೆಯಲ್ಲೇ ಹೋದವಳು. ಅಂಥವರ ಬಟ್ಟೆಬರೆ ತಬರಿಕ್, ಅಂದರೆ ಪ್ರಸಾದವಿದ್ದಂತೆ. ಅವರ ಆಯಸ್ಸು ನಮಗೂ ಬರಲಿ ಎಂದು ಜನ ಕಣ್ಣಿಗೊತ್ತಿಕೊಂಡು ಇಟ್ಟುಕೊಳ್ಳುತ್ತಾರೆ. ಸಾಲದಿದ್ದರೆ ಕೈಯಲ್ಲೇ ಹರಿದು ಚೂರು ಚೂರು ಹಂಚುತ್ತಾರೆ. ಮಾರುವುದು ಮಾತ್ರ ಇಲ್ಲವೇ ಇಲ್ಲ. ಅತ್ತೆಯ ಮಗಳು ಆ ಕೆಂಗುಲಾಬಿಗಳ ಉಣ್ಣೆ ಶಾಲನ್ನು ಇವನ ಹೆಗಲಿಗೇ ಹಾಕಿ ಹರಸಿದ್ದಳು.

ತೊರ್ಗಿನ್ ಪೆಟ್ಟಿಗೆ ತೆರೆದಳು. ಗುಲಾಬಿಯ ಶಾಲು ಇತ್ತು, ಆದರೆ ಅತ್ತೆಯದಲ್ಲ. ಊರು ಬಿಟ್ಟು ಹೋದ ರಷ್ಯನ್ ನೆರೆಯವಳಿಂದ ಕೊಂಡದ್ದು. ಗೋಡೆಗೆ ಸುಣ್ಣ ಬಳಿಯಲು ಪೆಟ್ಟಿಗೆ ಖಾಲಿ ಮಾಡಿದ್ದಾಗ ಎರಡೂ ಶಾಲು ಒಂದೇ ಸೋಫಾದ ಮೇಲೆ ಬಿದ್ದಿದ್ದವು. ಮಾರಬೇಕಾದದ್ದನ್ನು ಜೋಪಾನವಾಗಿ ಮಡಿಸಿಟ್ಟು, ಜೋಪಾನ ಮಾಡಬೇಕಾದದ್ದನ್ನು ದೇಶದ ಆ ತುದಿಯ ಓಸ್ಕೆಮೆನ್‌ಗೆ ಮಾರಿದ್ದಳು.

"ಸಿಕ್ತಾ?" ಎಂದು ಅವನು ಒಳಗಿನಿಂದ ಕೇಳಿದ.

"ತೊಳೆದು ಹಾಕಿದ್ದೀನಿ. ಒಣಗ್ಬೇಕು."

"ತೊಳೆದ್ಯಾ?" ಲೋಟ ಕೆಳಗಿಟ್ಟ ಸದ್ದು ಬಂತು. "ಅತ್ತೆ ವಾಸನೆ ಇತ್ತಲ್ಲೇ ಅದ್ರಲ್ಲಿ."

ಆಮೇಲೆ ಅವಳು ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ಬಾತಿಮಾಗೆ ಫೋನ್ ಮಾಡಿದರೆ ರೈಲು ಬಯಲಿನಲ್ಲಿತ್ತು, ಸಿಗ್ನಲ್ ಇಲ್ಲ. ಹಿಟ್ಟು ನಾದುತ್ತ ಒಮ್ಮೆ, ಕಸ ಚೆಲ್ಲಲು ಹೋದಾಗ ಒಮ್ಮೆ, ಗಂಡ ಕೆಮ್ಮಿದಾಗಲೆಲ್ಲ ಒಮ್ಮೆ ಫೋನ್ ಒತ್ತಿದಳು. ತಾನೇ ರೈಲು ಹತ್ತಿ ಬೆನ್ನಟ್ಟಿದರೆ ಎಂದೂ ಯೋಚಿಸಿದಳು. ಕಜಾಕ್ ನೆಲ ಇಷ್ಟು ದೊಡ್ಡದಿದೆ ಎಂದು ಶಾಲೆಯಲ್ಲಿ ಹೆಮ್ಮೆಪಟ್ಟಿದ್ದ ಅವಳಿಗೆ ಈಗ ಆ ನೆಲದ ಮೇಲೇ ಸಿಟ್ಟು ಬಂತು. ಬಾತಿಮಾ ಕೊನೆಗೆ ಸಿಕ್ಕಾಗ ಪೊಟ್ಟಣ ಆಗಲೇ ಕೈ ದಾಟಿತ್ತು. "ಹಳೇ ಶಾಲಿಗೆ ಇಷ್ಟೊಂದು ಗೋಳಾಡ್ತೀಯಲ್ಲ ತಾಯಿ" ಎಂದು ಬೈದಳು. ವಿಷಯ ಕೇಳಿದ ಮೇಲೆ, ಕೊಂಡವಳಿಗೇ ಫೋನ್ ಮಾಡು ಅಂದಳು.

ಕೊಂಡವಳು ಓಸ್ಕೆಮೆನ್ ಆಚೆಯ ಹಳ್ಳಿಯ ಕಮಾರಿಯಾ. ಅವಳ ಫೋನ್ ಸಿಗುವ ಹೊತ್ತಿಗೆ ಶಾಲು ಅವಳ ಕೈ ಸೇರಿಯಾಗಿತ್ತು. ತೊರ್ಗಿನ್ ಕೋಳಿಗೂಡಿನ ಹಿಂದೆ ನಿಂತು, ಗಂಡನಿಗೆ ಕೇಳದಂತೆ ತಗ್ಗಿದ ದನಿಯಲ್ಲಿ ಎಲ್ಲ ಹೇಳಿದಳು. ಹಣ ವಾಪಸ್ ಕೊಡುತ್ತೇನೆ, ಎಷ್ಟೇ ದುಬಾರಿಯಾದರೂ ವಿಮಾನದಲ್ಲೇ ಕಳಿಸಿ, ಖರ್ಚು ನನ್ನದು ಎಂದು ಬೇಡಿಕೊಂಡಳು.

ಕಮಾರಿಯಾ ಪೂರ್ತಿ ಕೇಳಿಸಿಕೊಂಡಳು.

"ಅಕ್ಕಾ, ನನ್ನ ಮೊಮ್ಮಗನ್ನ ಮೊನ್ನೆ ಆಸ್ಪತ್ರೆಯಿಂದ ಕರ್ಕೊಂಡು ಬಂದ್ವಿ. ಎರಡು ವರ್ಷದ ಕೂಸು, ನಿದ್ದೇನೇ ಇರ್ಲಿಲ್ಲ. ನಿಮ್ಮ ಶಾಲು ಹೊದಿಸಿದ ಮೇಲೆ ಮಲಗ್ತು. ಈಗ ನೀವು ತೊಂಬತ್ತನಾಲ್ಕು ವರ್ಷದವರದ್ದು ಅಂತಿದ್ದೀರಿ. ನಾನು ಹೇಗೆ ಕಿತ್ಕೊಳ್ಲಿ, ಹೇಳಿ?"

ತೊರ್ಗಿನ್‌ಗೆ ಒಂದು ಕ್ಷಣ ಆ ಕಾಣದ ಕೂಸಿನ ಮೇಲೆ ಹೊಟ್ಟೆಕಿಚ್ಚು ಬಂತು. ಆಮೇಲೆ ತನ್ನ ಮೇಲೇ ಅಸಹ್ಯವಾಯಿತು. ಕೋಳಿಗಳು ಕಾಲಿನ ಸುತ್ತ ಕೆದಕುತ್ತಿದ್ದವು.

"ಕೀಳ್ಬೇಡಿ" ಅಂದಳು. "ಹೊದಿಸೇ ಇರಿ. ಹಣ ಮಾತ್ರ ವಾಪಸ್ ತಗೊಳ್ಳಿ. ಮಾರಿದ್ದಲ್ಲ, ಕೊಟ್ಟಿದ್ದು."

ಹಣ ಅಲ್ಲೇ ನಿಂತು ಫೋನಿನಲ್ಲಿ ಹಿಂದಿರುಗಿಸಿದಳು. ಶಾಲು ಕೊಟ್ಟಾಯಿತು, ಗಂಡನಿಗೆ ಏನು ಹೇಳುವುದು? ದಿನಗಳು ಉರುಳಿದವು, ಅವನು ಮತ್ತೆ ಕೇಳಲಿಲ್ಲ. ಕೇಳಿ ಬೈದಿದ್ದರೆ ವಾಸಿಯಿತ್ತು. ನೆರೆಯವಳ ಶಾಲನ್ನೇ ಅತ್ತೆಯದೆಂದು ಕೊಡಲು ಅವಳು ಎರಡು ಸಲ ಹೊರತೆಗೆದು ಎರಡು ಸಲ ಒಳಗಿಟ್ಟಳು.

ಅಕ್ತಾವ್‌ಗೆ ಹೊರಡುವ ಹಿಂದಿನ ದಿನ ಬೆಳಗ್ಗೆ ಬಾತಿಮಾ ಫೋನ್ ಮಾಡಿ ಸ್ಟೇಷನ್ನಿಗೆ ಬಾ ಅಂದಳು. ಅವಳ ಕೈಯಲ್ಲಿ ಕಮಾರಿಯಾ ಕಳಿಸಿದ ಒಂದು ದಪ್ಪ ಲಕೋಟೆ ಇತ್ತು. ಸಾಗಣೆಗೆಂದು ಯಾರೂ ಏನೂ ತೆಗೆದುಕೊಂಡಿಲ್ಲ ಅಂದಳು. ತೊರ್ಗಿನ್ ಅಲ್ಲೇ, ಪ್ಲಾಟ್‌ಫಾರ್ಮಿನ ಗಾಳಿಯಲ್ಲೇ ಒಡೆದಳು. ಒಳಗೆ ಶಾಲಿನ ಅರ್ಧ. ಕತ್ತರಿ ಮುಟ್ಟಿಸಿರಲಿಲ್ಲ. ಗುಲಾಬಿಯ ಮಧ್ಯಕ್ಕೇ ಕೈಯಲ್ಲಿ ಹರಿದಿದ್ದರು, ಅಂಚಿನ ಎಳೆಗಳು ಗಾಳಿಗೆ ಹಾರುತ್ತಿದ್ದವು.

ಮನೆಗೆ ಬಂದು ಗಂಡನ ಮುಂದೆ ಹಾಸಿ, ಅಡಗಿಸದೆ ಎಲ್ಲ ಹೇಳಿದಳು. ಅವನು ಹರಿದ ಅಂಚನ್ನು ಬೆರಳಲ್ಲಿ ಸವರಿ, ಮೂಗಿಗೆ ಹಿಡಿದ.

"ತೊಂಬತ್ತನಾಲ್ಕರಲ್ಲಿ ಅರ್ಧ ಅಂದ್ರೆ ನಲವತ್ತೇಳು. ನನಗೀಗ ಐವತ್ತೆರಡು. ಲೆಕ್ಕ ನೋಡಿದ್ರೆ ನಾನು ಹೋಗಿ ಐದು ವರ್ಷ ಆಯ್ತಲ್ಲೇ."

"ಇರೋದಕ್ಕೆ ಸೇರ್ಸಿ ಎಣಿಸ್ರೀ" ಅಂದಳು ತೊರ್ಗಿನ್.

ಅವನು ಮನಸ್ಸಿನಲ್ಲೇ ಕೂಡಿದ. "ಅಯ್ಯೋ ಮಾರಾಯ್ತಿ, ನಿನ್ನ ಜೊತೆ ಇನ್ನೂ ನಲವತ್ತೇಳು ವರ್ಷವಾ?"

ಮರುದಿನ ಅಕ್ತಾವ್‌ವರೆಗೂ ಬಸ್ಸಿನಲ್ಲಿ ಅವನು ಅದೇ ಮಾತನ್ನು ಎಲ್ಲರಿಗೂ ಹೇಳಿ ನಗಿಸಿದ. ಶಾಲು ತುರುಕಿದ ಕೋಟಿನ ಜೇಬಿನಲ್ಲಿಟ್ಟ ಎಡಗೈಯನ್ನು ಮಾತ್ರ ಒಮ್ಮೆಯೂ ಹೊರಗೆ ತೆಗೆಯಲಿಲ್ಲ.