ಒಳಗಿನ ಅಕ್ಕ ಕೇಳಿದರೆ

ತೆಲಂಗಾಣ ಬೇರೆಯಾಗಿ ಒಂದೆರಡು ವರ್ಷ ಕಳೆದಿರಬೇಕು. ಗಡಿಯ ಆಚೆ, ಮಕ್ತಲ್‌ನಿಂದ ನಾರ್ವಕ್ಕೆ ಹೋಗುವ ದಾರಿಯಲ್ಲಿನ ಒಂದು ಕನ್ನಡ ಶಾಲೆಯಲ್ಲಿ ನಾನು ಇಂಗ್ಲಿಷ್ ಕಲಿಸುತ್ತಿದ್ದೆ. ಹೈದರಾಬಾದಿನ ಯಾರೋ ದಾನಿಗಳು ಮಕ್ಕಳಿಗೆಂದು ಕೆಲವು ಲ್ಯಾಪ್‌ಟಾಪ್ ಕಳಿಸಿದ್ದರು. ಮೂವರಿಗೆ ಒಂದು. ಇಯರ್‌ಫೋನ್ ಹಾಕಿಕೊಂಡರೆ ಒಳಗಿನಿಂದ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತಿದ್ದಳು. ಬಾಯಲ್ಲಿ ಹೇಳಿದ ಉತ್ತರ ಸರಿಯಿದ್ದರೆ ಪರದೆ ಹಸಿರಾಗುತ್ತಿತ್ತು. ವಿಶ್ವವಿದ್ಯಾಲಯದಲ್ಲಿ ಓದಿ ಬಂದ ನನಗೆ ಇದರಲ್ಲಿ ನಂಬಿಕೆ ಇರಲಿಲ್ಲ. ಹಾಗೆಂದು ಈಗ ಅನ್ನಿಸುತ್ತದೆ. ಹಸಿರು ಕಂಡಾಗ ನಾನೂ ಹಿಗ್ಗಿದ್ದೆನೇನೋ.

ಎಂಟನೇ ತರಗತಿಯ ಒಬ್ಬ ಹುಡುಗಿಗೆ ಸದಾ ಹಸಿರೇ ಬರುತ್ತಿತ್ತು. ಕುರುಬರ ಮನೆಯವಳು, ತಾಯಿ ಇಲ್ಲ. ಅಪ್ಪ ದಸರೆ ಮುಗಿದ ಮೇಲೆ ಕುರಿ ಹೊಡೆದುಕೊಂಡು ಕೃಷ್ಣೆ ದಾಟಿ, ಗದ್ವಾಲ, ಇಟಿಕ್ಯಾಲದ ಕಡೆಯ ಹೊಲಗಳಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸಲು ಹೋಗುತ್ತಿದ್ದ. ಅವಳನ್ನು ನೋಡಿಕೊಳ್ಳುತ್ತಿದ್ದ ಅಜ್ಜಿ ಆ ವರ್ಷ ತೀರಿಕೊಂಡಿದ್ದಳು. ಅಪ್ಪ ಶಾಲೆಗೆ ಬಂದು, "ಮಂದ್ಯಾಗ ಅಡಗಿ ಮಾಡಾಕ ಯಾರೂ ಇಲ್ರೀ ಸರ, ಇಕಿನ್ನ ಬಿಡಸ್ತೀನಿ" ಎಂದ. ಅವಳಿಗೆ ಇಂಗ್ಲಿಷ್ ಬರುತ್ತದೆ, ಬಿಡಿಸಬೇಡ ಎಂದೆ. ಆತ ಕಂಬಳಿ ಹೆಗಲಿಗೇರಿಸಿಕೊಂಡ.

"ಹಬ್ಬ ಆದಮ್ಯಾಗ ಬರ್ತೀನಿ. ನನ್ನ ಮುಂದ ಇಂಗ್ಲಿಷಿನ್ಯಾಗ ನಾಕ್ ಮಾತ ಆಡ್ಲಿ. ಆಡಿದ್ರ ಇಕಿ ಅತ್ತಿ ಮನ್ಯಾಗ ಬಿಟ್ಟು ಹೋಗ್ತೀನ್ರಿ."

ದಸರೆ ರಜೆಗೆ ಮುಂಚಿನ ದಿನ ಶಾಲೆಯಲ್ಲಿ ಆಯುಧಪೂಜೆ. ಹೆಡ್‌ಮಾಸ್ತರರು ರಾಯಚೂರು ಕಡೆಯ ಆಚಾರ್ಯರ ಮನೆಯವರು. ನಾನು ಮುಖ ಸಿಂಡರಿಸಿದ್ದನ್ನು ನೋಡಿ, "ಏನ್ರೀ, ಯುನಿವರ್ಸಿಟಿಯವರು ದೇವರಿಗೂ ಸರ್ಟಿಫಿಕೇಟ್ ಕೇಳ್ತೀರೇನು?" ಎಂದು ನಕ್ಕರು. ಮುಚ್ಚಿದ ಲ್ಯಾಪ್‌ಟಾಪ್‌ಗಳಿಗೆ ಕುಂಕುಮ ಹಚ್ಚಿ ಹೂವಿಟ್ಟರು. ಹುಡುಗಿ ಮಾತ್ರ ಮನೆಯಿಂದ ಕುಲದೇವರು ಬೀರಪ್ಪನ ಭಂಡಾರ ತಂದಿದ್ದಳು. ಆ ಅರಿಶಿನ ಪುಡಿಯನ್ನು ಕುರುಬರು ಕುರಿಗೂ ಎರಚುತ್ತಾರೆ, ಮದುಮಗಳಿಗೂ ಎರಚುತ್ತಾರೆ. ಅವಳು ತನ್ನ ಲ್ಯಾಪ್‌ಟಾಪ್ ತೆರೆದು, ಕೀಲಿಗಳ ಮೇಲೆ ಮುಷ್ಟಿ ತುಂಬ ಭಂಡಾರ ಎರಚಿ, ಒಡೆದ ತೆಂಗಿನಕಾಯಿಯ ನೀರು ಚಿಮುಕಿಸಿದಳು. ಅವಳನ್ನು ನೋಡಿ ಉಳಿದವರೂ ತೆರೆದು ಹಾಗೇ ನೀರು ಚಿಮುಕಿಸಿದರು.

"ಯಾಕೆ ತೆರೆದೆ?" ಎಂದು ಕೂಗಿದೆ.

"ಮುಚ್ಚಿದ್ರ ಒಳಗಿನ ಅಕ್ಕಗ ಹೆಂಗ ಮುಟ್ಟತೈತ್ರಿ ಸರ?"

ರಜೆ ಮುಗಿಸಿ ಬಂದಾಗ ಒಂದು ಲ್ಯಾಪ್‌ಟಾಪೂ ಚಾಲೂ ಆಗಲಿಲ್ಲ. ಎಲ್ಲವನ್ನೂ ರಿಪೇರಿಗೆ ಕಳಿಸಿದೆವು. ಅಷ್ಟರಲ್ಲಿ ಅಪ್ಪ ಕಂಬಳಿ ಹೊದ್ದು ಬಂದು ಬಾಗಿಲಲ್ಲಿ ನಿಂತ. ಯಂತ್ರ ಕೆಟ್ಟಿದೆ, ಸ್ವಲ್ಪ ದಿನ ತಡಿ ಎಂದೆ.

"ಡಬ್ಬಿ ಕೆಟ್ರ ಇಕಿ ಬಾಯೂ ಕೆಡತೈತೇನ್ರಿ?"

ಯಂತ್ರ ಕೇಳುತ್ತಿದ್ದ ಪ್ರಶ್ನೆಗಳನ್ನೇ ನಾನು ಕೇಳಿದೆ. ಹೆಸರು, ಊರು, ಅಪ್ಪನ ಕೆಲಸ. ಅವಳು ಇಯರ್‌ಫೋನ್ ಇರಬೇಕಾದ ಕಡೆ ಕಿವಿ ಮುಟ್ಟಿಕೊಂಡು ನೆಲ ನೋಡುತ್ತ ನಿಂತಳು. ಮತ್ತೆ ಕೇಳಿದೆ. ತುಟಿ ಅಲುಗಿತು, ಅಷ್ಟೇ.

"ಅಕ್ಕ ಕೇಳಿದ್ರ ಹೇಳ್ತೀನಪ್ಪಾ" ಎಂದಳು ಕೊನೆಗೆ, ಕನ್ನಡದಲ್ಲಿ.

ಅಪ್ಪ ಸಿಟ್ಟಾಗಲಿಲ್ಲ. "ಕುರಿ ಕಾಯಾಕ ಅಕ್ಕ ಬೇಕಾಗಿಲ್ಲ. ನಡಿ" ಎಂದ.

ಬಾಗಿಲು ದಾಟುವಾಗ ಅವಳು ಇಂಗ್ಲಿಷಿನಲ್ಲಿ ಏನೋ ಗೊಣಗಿದಳು ಎಂದು ಬಹಳ ಕಾಲ ನಂಬಿದ್ದೆ. ಅಲ್ಲೇ ಇದ್ದ ಹೆಡ್‌ಮಾಸ್ತರರು ಹಾಗೇನೂ ಆಗಲಿಲ್ಲ ಎನ್ನುತ್ತಾರೆ.

ರಿಪೇರಿಯಿಂದ ಒಂದೇ ಒಂದು ಲ್ಯಾಪ್‌ಟಾಪ್ ಜೀವ ಹಿಡಿದು ಬಂತು, ಅವಳೂ ಇನ್ನಿಬ್ಬರು ಹುಡುಗಿಯರೂ ಹಂಚಿಕೊಳ್ಳುತ್ತಿದ್ದುದು. ಕೀಲಿಗಳ ಸಂದಿಯಲ್ಲಿ ಇನ್ನೂ ಹಳದಿ ಇತ್ತು. ಮಕ್ಕಳು ಹೇಳಿದ ಉತ್ತರಗಳು ಅದರಲ್ಲಿ ಉಳಿದಿದ್ದವು. ಅವುಗಳಲ್ಲಿ ಒಂದು ಧ್ವನಿ ಎಲ್ಲೂ ತಡವರಿಸದೆ, "ಮೈ ಫಾದರ್ ಹ್ಯಾಸ್ ಶೀಪ್" ಎನ್ನುತ್ತಿತ್ತು. ಅದು ಅವಳದೇ ಎಂದುಕೊಂಡೆ. ಆದರೆ ಮೂವರೂ ಕುರುಬರ ಮಕ್ಕಳು, ಮತ್ತು ದಿನವೂ ಕೇಳಿದ್ದ ಅವಳ ದನಿ ನನಗೆ ನೆನಪಿಗೆ ಬರಲೇ ಇಲ್ಲ. ಉಳಿದಿಬ್ಬರನ್ನು ಕರೆದು ಕೇಳಿಸಿದೆ. ಅದು ನನ್ನದು, ನನ್ನದು ಎಂದು ಇಬ್ಬರೂ ಜಗಳಕ್ಕೆ ನಿಂತರು.

ಹೌದೋ ಅಲ್ಲವೋ ಹೇಳಬೇಕಾದವಳು ಆ ಹೊತ್ತಿಗೆ ಗದ್ವಾಲ ದಾಟಿ ಶಾಂತಿನಗರದ ಆಚೆ ಯಾವುದೋ ಹೊಲದಲ್ಲಿ ಒಲೆ ಹಚ್ಚುತ್ತಿದ್ದಳು. ಅವಳು ಮತ್ತೆ ಶಾಲೆಗೆ ಬರಲಿಲ್ಲ.